ಹಂದಿ ಮಾಂಸದ ಬಾವ್ ಮನೆಯಲ್ಲಿ ಮಾಡೋದು ಹೇಗೆ?

ವಿದ್ಯಾನಗರದವಳು, ದಾವಣಗೆರೆ

ಹೋದ ಚಳಿಗಾಲದಲ್ಲಿ ಕೋಲ್ಕತ್ತಕ್ಕೆ ಹೋಗಿದ್ದಾಗ ಟಿರೆಟ್ಟಾ ಬಜಾರ್‌ನಲ್ಲಿ ಹಂದಿ ಮಾಂಸದ ಬಾವ್ (ಒಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ ಚೀನೀ ಬನ್) ತಿಂದೆ. ಅಲ್ಲಿನ ಚೀನೀ ಮನೆತನದವರು ಭಾನುವಾರ ಬೆಳಿಗ್ಗೆ ರಸ್ತೆ ಬದಿಯಲ್ಲೇ ತಿಂಡಿ ಮಾರುತ್ತಾರೆ. ಬೇಗ ಹೋಗಬೇಕು, ತಡವಾದರೆ ಜಾಸ್ತಿ ಏನೂ ಉಳಿದಿರುವುದಿಲ್ಲ. ಹಬೆ ಪಾತ್ರೆಯಿಂದ ತೆಗೆದು ನೇರ ಕೈಗೆ ಕೊಟ್ಟರು. ಮೇಲಿನ ಹಿಟ್ಟು ಹತ್ತಿ ಹಾಗೆ ಮೆತ್ತಗೆ, ನಸು ಸಿಹಿ. ಒಳಗೆ ಕೈಮಾ, ಶುಂಠಿ, ಈರುಳ್ಳಿ ಸೊಪ್ಪು, ಸೋಯಾ ಸಾಸ್. ಕಚ್ಚಿದರೆ ರಸ ಬರುತ್ತದೆ. ಮಂಡಕ್ಕಿ ಜೊತೆ ಮೆಣಸಿನಕಾಯಿ ತಿಂದು ಬೆಳೆದವಳು ನಾನು, ಆದರೂ ಖಾರ ಬೇಕು ಅಂತ ಒಮ್ಮೆಯೂ ಅನ್ನಿಸಲಿಲ್ಲ.

ಇಲ್ಲಿ ಮೊಮೊ ಸಿಗುತ್ತದೆ. ಆದರೆ ಅದರ ಹಿಟ್ಟು ತೆಳು, ಉಬ್ಬಿಸಿದ್ದಲ್ಲ. ನನಗೆ ಬಾವ್ ಬೇಕು. ಎರಡು ವಿಷಯ ತಿಳಿಸಿ: ಆ ಮೆತ್ತನೆಯ ಹಿಟ್ಟು ಹೇಗೆ ಮಾಡುವುದು? ಒಳಗೆ ರಸ ಉಳಿಯುವುದು ಹೇಗೆ? ನಮ್ಮಮ್ಮ ಮಾಂಸ ಮುಟ್ಟುವುದಿಲ್ಲ, ಅವರ ಇಡ್ಲಿ ಪಾತ್ರೆ ನಾನು ಬಳಸಲ್ಲ. ಮಹಡಿಯಲ್ಲಿ ಬೇರೆ ಒಲೆ ಇದೆ, ಪಾತ್ರೆಯೂ ಬೇರೆ ತರುತ್ತೇನೆ.

ಬೇಕರಿ ಕೆಲಸದವನು, ಚಿತ್ರದುರ್ಗ

ಅಕ್ಕಾ, ಮೈದಾ 300 ಗ್ರಾಂ ತಗೊಳ್ಳಿ. ಅದರಲ್ಲಿ ಎರಡು ದೊಡ್ಡ ಚಮಚ ತೆಗೆದು ಅಷ್ಟೇ ಕಾರ್ನ್‌ಫ್ಲೋರ್ ಹಾಕಿ, ಮೆತ್ತಗಾಗುತ್ತದೆ. ಇನ್‌ಸ್ಟಂಟ್ ಈಸ್ಟ್ ಒಂದು ಸಣ್ಣ ಚಮಚ, ಬೇಕಿಂಗ್ ಪೌಡರ್ ಒಂದು ಸಣ್ಣ ಚಮಚ, ಸಕ್ಕರೆ ಎರಡು ದೊಡ್ಡ ಚಮಚ, ಸ್ವಲ್ಪ ಎಣ್ಣೆ. ಉಗುರುಬೆಚ್ಚಗಿನ ಹಾಲು ಸುಮಾರು 160 ಮಿಲಿ, ನೋಡಿಕೊಂಡು ಹಾಕಿ. ನುಣ್ಣಗಾಗುವವರೆಗೆ ನಾದಬೇಕು, ಇಲ್ಲಿ ಅವಸರ ಬೇಡ.

ನಮ್ಮ ಕಡೆ ಬೇಸಿಗೆಯಲ್ಲಿ ಹಿಟ್ಟು ಬೇಗ ಉಬ್ಬುತ್ತದೆ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಜಾಸ್ತಿ ಉಬ್ಬಿದರೆ ಬೆಂದ ಮೇಲೆ ಕುಸಿಯುತ್ತದೆ. ಉಂಡೆಯನ್ನು ಲಟ್ಟಿಸುವಾಗ ಅಂಚು ತೆಳು, ನಡು ದಪ್ಪ ಇರಲಿ. ತಳಕ್ಕೆ ಬಟರ್ ಪೇಪರ್ ತುಂಡು ಇಡಿ, ತಿನ್ನುವಾಗ ಬಿಡಿಸಿ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ನೀರು ತೊಟ್ಟಿಕ್ಕಿ ಮೇಲೆಲ್ಲ ಕಲೆಯಾಗುತ್ತದೆ. ಚೀನೀಯರ ಬಿದಿರಿನ ಬುಟ್ಟಿ ಆ ನೀರನ್ನು ತಾನೇ ಹೀರಿಕೊಳ್ಳುತ್ತದೆ. ಒಲೆ ಆರಿಸಿದ ಕೂಡಲೇ ಮುಚ್ಚಳ ಪೂರ್ತಿ ತೆಗೆಯಬೇಡಿ, ಸ್ವಲ್ಪ ಓರೆ ಮಾಡಿ ಮೂರ್ನಾಲ್ಕು ನಿಮಿಷ ಬಿಡಿ.

ಕೊಡಗಿನ ಸೊಸೆ, ದಾವಣಗೆರೆ

ರಸದ ಬಗ್ಗೆ ನಾನು ಹೇಳುತ್ತೇನೆ. ಬರೀ ಕೆಂಪು ಮಾಂಸ ತರಬೇಡಿ. ಭುಜದ ಭಾಗ, ಕೊಬ್ಬು ಮೂರರಲ್ಲಿ ಒಂದು ಪಾಲು ಇರಲಿ. ಕೈಮಾಗೆ ಉಪ್ಪು, ಸೋಯಾ ಸಾಸ್ ಹಾಕಿ ಒಂದೇ ದಿಕ್ಕಿಗೆ ತಿರುವುತ್ತಾ, ತಣ್ಣನೆಯ ನೀರನ್ನು ಚಮಚ ಚಮಚವಾಗಿ ಸೇರಿಸಿ. ಮಾಂಸ ಅಂಟಂಟಾಗಿ ನೀರು ಕುಡಿಯುತ್ತದೆ. ಅದೇ ಆಮೇಲೆ ರಸವಾಗಿ ಬರುವುದು. ಈರುಳ್ಳಿ ಸೊಪ್ಪು ಕೊನೆಗೆ. ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟರೆ ತುಂಬಲು ಸುಲಭ. ಸೋಯಾದಲ್ಲೇ ಉಪ್ಪಿದೆ, ಕೈ ಹಿಡಿದು ಹಾಕಿ. ನಮ್ಮ ಕೊಡಗಿನ ಪಂದಿ ಕರಿಗೆ (ಹಂದಿ ಮಾಂಸದ ಪಲ್ಯಕ್ಕೆ) ಹಾಕುವ ಕಾಚಂಪುಳಿ ಎಂಬ ಕಪ್ಪು ಹುಳಿ ಇಲ್ಲಿಗೆ ಬೇಡವೇ ಬೇಡ, ಶುಂಠಿಯ ಘಮ ಮುಚ್ಚಿಹೋಗುತ್ತದೆ.

ಹಸಿ ಕೈಮಾ ತುಂಬುವುದರಿಂದ ನೀರು ಕುದಿಯಲು ಶುರುವಾದ ಮೇಲೆ 15 ನಿಮಿಷ ಬೇಯಿಸಿ. ಒಂದನ್ನು ಮುರಿದು ನೋಡಿ, ಒಳಗೆ ಗುಲಾಬಿ ಬಣ್ಣ ಇದ್ದರೆ ಮತ್ತೆ ಇಡಿ.

ವಿದ್ಯಾನಗರದವಳು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪಾತ್ರೆ ಚೌಕಿಪೇಟೆಯಲ್ಲಿ ನೋಡುತ್ತೇನೆ. ಜಾಸ್ತಿ ಮಾಡಿ ಇಟ್ಟುಕೊಳ್ಳಬಹುದಾ?

ಬೇಕರಿ ಕೆಲಸದವನು

ಧಾರಾಳವಾಗಿ. ಬೇಯಿಸಿ, ಆರಿಸಿ ಫ್ರೀಜರ್‌ಗೆ ಹಾಕಿ. ಬೇಕಾದಾಗ ಹಾಗೇ ಹಬೆಗೆ ಇಟ್ಟು ನಡುವೆಯೂ ಬಿಸಿಯಾಗುವ ತನಕ ಕಾಯಿಸಿ. ಮೈಕ್ರೋವೇವ್ ಬೇಡ, ಹಿಟ್ಟು ಗಟ್ಟಿಯಾಗುತ್ತದೆ.