ಸಹಾಯ ಬೇಕು: ರಾತ್ರಿ ದೀಪ ಮತ್ತು ಕೋತಿಗಳ ಮೆಲಟೋನಿನ್

ಎಲ್ಲರಿಗೂ ನಮಸ್ಕಾರ. ಗಾಯಗೊಂಡ ಕೋತಿಗಳನ್ನು ಇಟ್ಟುಕೊಳ್ಳುವ ಕಡೆ ಕೆಲಸ ಮಾಡುತ್ತೇನೆ. ಗೂಡುಗಳ ಮುಂದಿನ ಓಣಿಯ ಬಿಳಿ ಎಲ್‌ಇಡಿ ದೀಪ ರಾತ್ರಿಯಿಡೀ ಉರಿಯುತ್ತದೆ, ಅದರ ಬೆಳಕು ನೇರವಾಗಿ ಒಂದು ಮುದಿ ಹೆಣ್ಣು ಕೋತಿಯ ಗೂಡಿಗೆ ಬೀಳುತ್ತದೆ. ಅದು ಗೋಡೆ ಕಡೆ ಮುಖ ಮಾಡಿ, ಕೈಯನ್ನು ಕಣ್ಣಿಗೆ ಅಡ್ಡ ಇಟ್ಟುಕೊಂಡು ಕೂತಿರುತ್ತದೆ. ನೋಡಿದರೆ ಸಂಕಟವಾಗುತ್ತದೆ.

ಕಣ್ಣಿನ ಹಿಂಪದರದಲ್ಲಿ ಮೆಲನಾಪ್ಸಿನ್ ಎಂಬ, ಬೆಳಕನ್ನು ಗ್ರಹಿಸುವ ಪ್ರೋಟೀನ್ ಇರುವ ಕೋಶಗಳಿವೆ, ಅವು ಸುಮಾರು 480 ನ್ಯಾನೋಮೀಟರ್‌ನ ನೀಲಿ ಬೆಳಕಿಗೆ ಜಾಸ್ತಿ ಸ್ಪಂದಿಸುತ್ತವೆ, ಆ ಸುದ್ದಿ ಮೆದುಳಿಗೆ ಹೋಗಿ ಅಲ್ಲಿನ ಪೀನಿಯಲ್ ಗ್ರಂಥಿ ಮೆಲಟೋನಿನ್ (ರಾತ್ರಿಯಾಯಿತು ಅಂತ ದೇಹಕ್ಕೆ ತಿಳಿಸುವ ಹಾರ್ಮೋನು) ಕಡಿಮೆ ಮಾಡುತ್ತದೆ, ಇಷ್ಟು ಓದಿದ್ದೇನೆ. 1980ರಲ್ಲಿ ಮನುಷ್ಯರಲ್ಲಿ 2500 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕಿಗೆ ಮೆಲಟೋನಿನ್ ಇಳಿದದ್ದು ಕಂಡಿತ್ತು. ಆಮೇಲೆ ಎಷ್ಟೋ ಮಂದ ಬೆಳಕೂ ಸಾಕು ಅಂತ ಗೊತ್ತಾಯಿತು. ಕೋತಿಗಳೂ ನಮ್ಮ ಹಾಗೆ ಹಗಲು ಓಡಾಡುವ ಪ್ರಾಣಿಗಳು ಅಲ್ವಾ?

ದೀಪ ಪೂರ್ತಿ ಆರಿಸಲು ಆಗುವುದಿಲ್ಲ, ರಾತ್ರಿ ಔಷಧಿ ಕೊಡಬೇಕು. ಮಂದ ಕೆಂಪು ದೀಪ ಹಾಕಿದರೆ ಸಾಕೇ? ರಕ್ತ ತೆಗೆಯಲು ಹಿಡಿದರೆ ಸುಮ್ನೆ ಹೆದರುತ್ತವೆ, ಹಾಗಾಗಿ ಬೆಳಗಿನ ಮೂತ್ರದಲ್ಲಿ ಸಲ್ಫಟಾಕ್ಸಿಮೆಲಟೋನಿನ್ (ಮೆಲಟೋನಿನ್ ದೇಹದಲ್ಲಿ ಮಾರ್ಪಟ್ಟು ಮೂತ್ರದಲ್ಲಿ ಹೊರಬರುವ ರೂಪ) ಅಳೆಯೋಣ ಅಂದುಕೊಂಡಿದ್ದೇನೆ. ಅದನ್ನು ಅಳೆಯುವ ಮನುಷ್ಯರ ಪರೀಕ್ಷಾ ಕಿಟ್ ಕೋತಿಗಳಿಗೆ ಬಳಸಿದವರು ಯಾರಾದರೂ ಇದ್ದೀರಾ? ಮೂತ್ರದ ಮಾದರಿಯನ್ನು ಕೆಡದ ಹಾಗೆ ಹೇಗೆ ಇಟ್ಟಿರಿ, ದಯವಿಟ್ಟು ತಿಳಿಸಿ.