ಮೊದಲು ಬ್ರೇಕರ್ ಇಳಿಸು, ಸುಮಿ

ಹಲೋ… ರೆಕಾರ್ಡ್ ಆಗ್ತಿದೆಯಾ ಇದು? ಹ್ಞಾಂ, ಆಗ್ತಿದೆ. ಸುಮಿ, ನಾನು ಅತ್ತೆ ಮಾತಾಡ್ತಿರೋದು. ನಿನ್ನ ಮೆಸೇಜ್ ಈಗ ನೋಡ್ದೆ. ಮಧ್ಯಾಹ್ನ ಕೂಲಿಂಗ್ ಓಡ್ತಾ ಓಡ್ತಾ ಥರ್ಮೋಸ್ಟ್ಯಾಟ್, ಅದೇ ಗೋಡೆ ಮೇಲೆ ಕೂತು ಏರ್ ಕಂಡೀಷನರ್ ಆನ್ ಆಫ್ ಮಾಡೋ ಡಬ್ಬಿ, ಪೂರ್ತಿ ಕಪ್ಪಾಗುತ್ತೆ, ಫೋನಿನ ಆಪ್‌ನಲ್ಲಿ ಆಫ್‌ಲೈನ್ ಅಂತ ತೋರಿಸುತ್ತೆ, ಬೆಳಿಗ್ಗೆ ಅಷ್ಟೊತ್ತಿಗೆ ತಾನೇ ಹತ್ಕೊಂಡಿರುತ್ತೆ, ಕೂಸಿರೋ ಮನೆ, ಹೊಸದು ತಂದ್ಬಿಡ್ಲಾ ಅತ್ತೆ ಅಂತ ಕೇಳಿದೀಯ, ವೈರುಗಳ ಫೋಟೋನೂ ಹಾಕಿದೀಯ. ಅದರ ಕೆಳಗೆ ನಮ್ಮ ವಿನು, ರೌಟರ್ ಆಫ್ ಮಾಡಿ ಆನ್ ಮಾಡು ಅಂತ ಹಾಕಿದಾನೆ. ಫ್ರಿಜ್ ಕೆಟ್ರೂ ರೌಟರ್ ಆಫ್ ಮಾಡು ಅನ್ನೋ ಗಿರಾಕಿ ಅವನು, ಬಿಡು.

ಹೊಸದು ತರಬೇಡ. ಇರೋದನ್ನ ಗೋಡೆಯಿಂದ ಕೀಳೋಕೂ ಹೋಗಬೇಡ. ಬ್ರೇಕರ್ ಇಳಿಸದೆ, ಅಂದ್ರೆ ಮೇನ್ ಬೋರ್ಡಿನ ಸ್ವಿಚ್ ಇಳಿಸಿ ಕರೆಂಟ್ ನಿಲ್ಲಿಸದೆ, ಅದರ ಹಿಂದೆ ವೈರ್ ಸಿಕ್ಕಿಸಿರೋ ಪ್ಲೇಟಿಗೆ ಕೈ ಹಾಕಬಾರದು ಕಣೇ. ಪರದೆ ಕಪ್ಪಾಗಿದೆ ಅಂದ್ರೆ ಕರೆಂಟ್ ಇಲ್ಲ ಅಂತಲ್ಲ. ವೈರಲ್ಲಿ ಕರೆಂಟ್ ಇದ್ದೂ ಪರದೆ ಸತ್ತಿರಬಹುದು. ನಮ್ಮನೆ ಮಹಡಿ ಮೇಲಿನ ಥರ್ಮೋಸ್ಟ್ಯಾಟ್ ಕಥೆ ನಿಮಗೆಲ್ಲ ಗೊತ್ತೇ ಇದೆ, ಆದ್ರೂ ಯಾರೂ ಸರಿಯಾಗಿ ಕೇಳಿಸ್ಕೊಂಡಿಲ್ಲ, ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ.

ಗೋಡೆಯಿಂದ ಬರೋ ಆ ಸಣ್ಣ ವೈರುಗಳಲ್ಲಿ ಆರ್ ಅನ್ನೋದು ಏರ್ ಕಂಡೀಷನರ್‌ನ ಮನೆಯೊಳಗಿನ ಯೂನಿಟ್ ಇದೆಯಲ್ಲ, ಅದರಲ್ಲಿ ಮನೆಯ ಕರೆಂಟಿನ ವೋಲ್ಟ್ ಇಳಿಸೋ ಟ್ರಾನ್ಸ್‌ಫಾರ್ಮರ್‌ನಿಂದ 24 ವೋಲ್ಟ್ ಎಸಿ ಕರೆಂಟ್ ತರುತ್ತೆ. ಸಿ ಅನ್ನೋದು ಅದು ವಾಪಸ್ ಹೋಗೋ ದಾರಿ. ವೈ ಕೂಲಿಂಗ್‌ಗೆ, ಡಬ್ಲ್ಯೂ ಬಿಸಿಗೆ, ಜಿ ಫ್ಯಾನಿಗೆ. ಕೆಂಪು ಆರ್, ನೀಲಿ ಸಿ ಅನ್ನೋದು ರೂಢಿ ಅಷ್ಟೇ, ಬಣ್ಣ ನಂಬಬೇಡ. ಆ ಕಡೆ ಒಳಗಿನ ಯೂನಿಟ್‌ನ ಸರ್ಕ್ಯೂಟ್ ಬೋರ್ಡಿನಲ್ಲಿ ಯಾವ ಅಕ್ಷರದ ಕೆಳಗೆ ಸಿಕ್ಕಿಸಿದ್ದಾರೋ ಅದೇ ನಿಜ. ಅವತ್ತು ರಿಪೇರಿಗೆ ಬಂದ ಪುಣ್ಯಾತ್ಮ ಬ್ರೇಕರ್ ಇಳಿಸ್ಲೇ ಇಲ್ಲ. ಹಾಗೇ ಪ್ಲೇಟ್ ಬಿಚ್ಚಿದ. ಮೊದಲು ಹಾಕಿದ್ದವರು ವೈರಿನ ತುದಿ ಎರಡು ಬೆರಳಗಲ ಸುಲಿದಿದ್ರು. ಸುಲಿಯಬೇಕಾದ್ದು ಹೆಚ್ಚೂಕಡಿಮೆ 1 ಸೆಂಟಿಮೀಟರ್, ಸಿಕ್ಕಿಸಿದ ಮೇಲೆ ತಾಮ್ರ ಹೊರಗೆ ಕಾಣಬಾರದು. ಆರ್ ತುದಿ ಹೋಗಿ ಸಿ ತುದಿಗೆ ತಾಗ್ತು. ಟಿಕ್ ಅಂತ ಶಬ್ದ, ಅಷ್ಟೇ, ಒಳಗಿನ ಬೋರ್ಡಿನಲ್ಲಿ ಫ್ಯೂಸ್ ಹೋಯ್ತು. ಕಾರಿನಲ್ಲಿ ಇರುತ್ತಲ್ಲ, ಅದೇ ಚಪ್ಪಟೆ ಫ್ಯೂಸ್, 3 ಆಂಪ್ಸಿನದ್ದು ನೇರಳೆ ಬಣ್ಣ, 5 ಆಂಪ್ಸಿನದ್ದು ತಿಳಿಕಂದು. ಆಮೇಲೆ ಅವನು ಹೊಸ ಥರ್ಮೋಸ್ಟ್ಯಾಟ್ ಹಾಕಿದ, ಹತ್ಲಿಲ್ಲ. ಇದೂ ಕೆಟ್ಟಿದೆ ಅಂದ, ಇನ್ನೊಂದು ತಂದ, ಅದೂ ಹತ್ಲಿಲ್ಲ. ಹತ್ತೋದು ಹೇಗೆ? ಒಳಗಿನ ಯೂನಿಟ್‌ನ ಬಾಗಿಲು ತೆಗೆದು ಆ ನೇರಳೆ ಚೂರನ್ನ ನೋಡೋ ಯೋಚನೆಯೇ ಬರ್ಲಿಲ್ವಲ್ಲ ಅವನಿಗೆ! ನಮ್ಮ ಬೋರ್ಡಿನಲ್ಲಿ ಫ್ಯೂಸ್ ಇತ್ತು, ಅದೇ ಪುಣ್ಯ. ಕೆಲವು ಹಳೇ ಯೂನಿಟ್‌ಗಳಲ್ಲಿ ಫ್ಯೂಸ್ ಇರಲ್ಲ, ಟ್ರಾನ್ಸ್‌ಫಾರ್ಮರೇ ಸುಟ್ಟು ಕೂರುತ್ತೆ.

24 ವೋಲ್ಟ್ ನಿನ್ನ ಕೈಗೇನೂ ಮಾಡಲ್ಲ, ಬೋರ್ಡಿಗೆ ಮಾಡುತ್ತೆ. ಆದರೆ ಯೂನಿಟ್ ಬಾಗಿಲೊಳಗೆ ಮನೆಯ ಪೂರ್ತಿ ಕರೆಂಟ್ ಇರುತ್ತೆ, ಅದು ಮನುಷ್ಯರಿಗೇ ಹೊಡೆಯುತ್ತೆ. ಇನ್ನೊಂದು, ಪ್ಲೇಟ್ ಹಿಂದೆ ದಪ್ಪ ವೈರು, ತಲೆಗೆ ಪ್ಲಾಸ್ಟಿಕ್ ಟೋಪಿ ತಿರುಗಿಸಿರೋದು ಕಂಡ್ರೆ ಅದು 24 ವೋಲ್ಟಿನದ್ದಲ್ಲ, 120 ಅಥವಾ 240. ಹಾಗೇ ಮುಚ್ಚಿಬಿಡು. ನಿನ್ನ ಫೋಟೋದಲ್ಲಿ ಸಣ್ಣ ವೈರುಗಳೇ ಕಾಣ್ತಿವೆ, ಫೋಟೋ ಅಲ್ಲಾಡಿದ್ರೂ ಅಷ್ಟು ಗೊತ್ತಾಗುತ್ತೆ.

ನನಗೆ ಸಿಟ್ಟು ಬರೋದು ಆ ಆಪ್ ಮೇಲೆ. ವೈಫೈ ಹೋದ್ರೂ ಆಫ್‌ಲೈನ್, ಪವರ್ ಹೋದ್ರೂ ಆಫ್‌ಲೈನ್, ಅವರ ಸರ್ವರ್ ಮಲಗಿದ್ರೂ ಆಫ್‌ಲೈನ್. ಒಂದೇ ಪದ ಮೂರು ರೋಗಕ್ಕೆ! ಮನುಷ್ಯರು ಏನಂತ ತಿಳ್ಕೋಬೇಕು? ವೈಫೈ ಹೋದ್ರೆ ಗೋಡೆ ಮೇಲಿನ ಪರದೆ ಬೆಳಗ್ತಾನೇ ಇರುತ್ತೆ, ಕೈಯಲ್ಲಿ ತಿರುಗಿಸಿದ್ರೆ ಕೂಲಿಂಗ್ ಶುರುವಾಗುತ್ತೆ. ಪರದೆ ಕಪ್ಪಾದ್ರೆ ಅದು ವೈಫೈ ವಿಷಯ ಅಲ್ಲ, ರೌಟರ್ ಮುಟ್ಟಿ ಉಪಯೋಗ ಇಲ್ಲ. ಇಷ್ಟನ್ನ ಆಪ್‌ನಲ್ಲಿ ಬರೆಯೋಕೆ ಏನು ಕಷ್ಟ ಇವರಿಗೆ? ಹಳೇ ಕಾಲದ್ದು ಕೆಟ್ರೆ ಎಲ್ಲಿ ಕೆಟ್ಟಿದೆ ಅಂತ ಕಣ್ಣಿಗೇ ಕಾಣ್ತಿತ್ತು. ಈಗ ಎಲ್ಲದಕ್ಕೂ ಫ್ಯಾಕ್ಟರಿ ರೀಸೆಟ್ ಮಾಡಿ ಅಂತಾರೆ. ಮಾಡಿದ್ರೆ ನೀನು ಹಾಕಿದ್ದ ಟೈಮಿಂಗೂ ಹೋಯ್ತು, ಸೆಟ್ಟಿಂಗೂ ಹೋಯ್ತು, ರೋಗ ಅಲ್ಲೇ ಉಳೀತು. ದೊಡ್ಡಮ್ಮ ಕೇಳಿದ್ರಲ್ಲ, ಅವರ ಹಳೇ ನೆಸ್ಟ್, ಅದೇ ಗೂಗಲ್‌ನವರ ಥರ್ಮೋಸ್ಟ್ಯಾಟ್, ಫೋನಲ್ಲಿ ಕಾಣ್ತಾನೇ ಇಲ್ಲ ಅಂತ, ಅದು ಇದಲ್ಲ. ನೆಸ್ಟ್ ಲರ್ನಿಂಗ್ ಥರ್ಮೋಸ್ಟ್ಯಾಟ್ ಅನ್ನೋ ಮಾಡೆಲ್‌ನ ಮೊದಲೆರಡು ತಲೆಮಾರಿಗೆ ಗೂಗಲ್‌ನವರು 2025ರ ಅಕ್ಟೋಬರ್ 25ರಿಂದ ಆಪ್ ಸೌಲಭ್ಯ ನಿಲ್ಲಿಸಿದಾರೆ. ಗೋಡೆ ಮೇಲೆ ಕೈಯಲ್ಲಿ ತಿರುಗಿಸಿದ್ರೆ ಕೆಲಸ ಮಾಡುತ್ತೆ. ದೊಡ್ಡಮ್ಮಂಗೆ ಯಾರಾದ್ರೂ ಹೇಳಿ, ನನ್ನ ಮೆಸೇಜ್ ಉದ್ದ ಆಯ್ತು ಅಂತ ಅವರು ಕೇಳಲ್ಲ.

ಎಲ್ಲಿದ್ದೆ? ಹ್ಞಾಂ, ಬ್ರೇಕರ್. ಒಳಗಿನ ಯೂನಿಟ್‌ದು ಒಂದು, ಹೊರಗಿನ ಯೂನಿಟ್‌ದು ಇನ್ನೊಂದು, ಎರಡೂ ಇಳಿಸಬೇಕು. ಇಳಿಸದೆ ಯಾವ ವೈರನ್ನೂ ಬಿಚ್ಚಬೇಡ. ಬಿಚ್ಚೋ ಮುಂಚೆ ಫೋಟೋ ತೆಗಿ, ಅಲ್ಲಾಡದ ಫೋಟೋ.

ಅಯ್ಯೋ, ಮುಖ್ಯವಾದದ್ದೇ ಹೇಳ್ಲಿಲ್ಲ ನೋಡು. ಹೊತ್ತೆಲ್ಲ ಕೂಲಿಂಗ್ ಓಡಿದ ಮೇಲೆ ಸಾಯುತ್ತೆ, ರಾತ್ರಿ ಸುಮ್ಮನಿದ್ದು ಬೆಳಿಗ್ಗೆ ತಾನೇ ಎದ್ದಿರುತ್ತೆ ಅಂದ್ಯಲ್ಲ, ಇದು ಥರ್ಮೋಸ್ಟ್ಯಾಟ್ ರೋಗವೇ ಇರಲಿಕ್ಕಿಲ್ಲ. ಫ್ಯೂಸೂ ಅಲ್ಲ, ಹೋದ ಫ್ಯೂಸ್ ಬೆಳಿಗ್ಗೆ ವಾಪಸ್ ಬರಲ್ಲ. ಸಿ ವೈರ್ ಇಲ್ಲದ ಮನೆಗಳಲ್ಲಿ ಬ್ಯಾಟರಿ ನಿಧಾನಕ್ಕೆ ಇಳಿದು ಸಾಯೋದುಂಟು, ಆದ್ರೆ ನಿನ್ನ ಫೋಟೋದಲ್ಲಿ ಸಿ ಹತ್ರ ನೀಲಿ ವೈರ್ ಇದೆ. ನೀನು ನೋಡಬೇಕಾದ್ದು ನೀರು. ಒಳಗಿನ ಯೂನಿಟ್‌ನಲ್ಲಿ ಗಾಳಿ ತಣ್ಣಗೆ ಮಾಡೋ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಕೆಳಗಿನ ಟ್ರೇಗೆ ಬೀಳುತ್ತೆ, ಅಲ್ಲಿಂದ ಪೈಪಲ್ಲಿ ಹೊರಗೆ ಹೋಗುತ್ತೆ. ಪೈಪ್ ಪಾಚಿ ಕಟ್ಟಿದ್ರೆ ಟ್ರೇ ತುಂಬುತ್ತೆ. ತುಂಬಿದ್ರೆ ಮನೆ ನೆನೆಯಬಾರದು ಅಂತ ಒಂದು ಫ್ಲೋಟ್ ಸ್ವಿಚ್ ಇಟ್ಟಿರ್ತಾರೆ, ತೇಲೋ ಬೆಂಡಿಗೆ ಎರಡು ವೈರ್. ಬೆಂಡು ಮೇಲೆದ್ರೆ ಆರ್ ವೈರ್ ಕಟ್, ಥರ್ಮೋಸ್ಟ್ಯಾಟ್ ಕಪ್ಪು. ರಾತ್ರಿಯೆಲ್ಲ ನೀರು ಸಂದಿಯಲ್ಲಿ ಇಳಿದ್ರೆ ಬೆಂಡು ಕೂರುತ್ತೆ, ಬೆಳಿಗ್ಗೆ ಎಲ್ಲಾ ಸರಿ ಅನ್ನಿಸುತ್ತೆ. ಕೆಲವರು ಈ ಸ್ವಿಚ್ಚನ್ನ ವೈ ವೈರಿಗೆ ಹಾಕಿರ್ತಾರೆ, ಅಲ್ಲಿ ಪರದೆ ಬೆಳಗ್ತಿರುತ್ತೆ, ಕೂಲಿಂಗ್ ಮಾತ್ರ ಶುರುವಾಗಲ್ಲ. ನಿಂದು ಆರ್‌ನಲ್ಲೇ ಇರಬೇಕು.

ಪರದೆ ಕಪ್ಪಾಗಿರೋ ಹೊತ್ತಲ್ಲೇ ಟಾರ್ಚ್ ಹಿಡ್ಕೊಂಡು ಒಳಗಿನ ಯೂನಿಟ್ ಹತ್ರ ಹೋಗು. ಸ್ವಿಚ್ ಒಂದೋ ಕೆಳಗಿನ ಟ್ರೇ ಅಂಚಲ್ಲಿ ಸಿಕ್ಕಿಸಿರುತ್ತೆ, ಇಲ್ಲಾ ಪೈಪ್ ಶುರುವಾಗೋ ಕಡೆ ನಿಂತಿರುತ್ತೆ. ನೀರು ನಿಂತಿದ್ರೆ ರೋಗ ಸಿಕ್ತು. ಬ್ರೇಕರ್ ಎರಡೂ ಇಳಿಸಿ, ಆ ಪೈಪಿನ ಹೊರಗಿನ ತುದಿಗೆ, ನೀರು ತೊಟ್ಟಿಕ್ಕೋ ಕಡೆ, ನೀರೆಳೆಯೋ ವ್ಯಾಕ್ಯೂಮ್ ಇಟ್ಟು ಸುತ್ತ ಒದ್ದೆ ಬಟ್ಟೆ ಬಿಗಿಯಾಗಿ ಹಿಡಿ. ಗಾಳಿ ಸೋರಿದ್ರೆ ಎಳೆಯಲ್ಲ. ಎರಡು ಮೂರು ನಿಮಿಷ ಸಾಕು, ಕಂದು ಬಣ್ಣದ ಲೋಳೆ ಬರುತ್ತೆ. ಆಮೇಲೆ ಯೂನಿಟ್ ಪಕ್ಕ ಪೈಪಿಗೆ ಮುಚ್ಚಳ ಇರುತ್ತೆ, ತೆಗೆದು ಒಂದು ಕಪ್ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ಬಿಡು. ಬ್ಲೀಚ್ ಜೊತೆ ಬೆರೆಸಬೇಡ, ವಿಷದ ಗಾಳಿ ಏಳುತ್ತೆ. ಕೊನೆಗೆ ಒಂದು ಲೀಟರ್ ನೀರು ಹಾಕಿ, ಹೊರಗೆ ಸರಾಗವಾಗಿ ಬರ್ತಿದೆಯಾ ಅಂತ ಯಾರನ್ನಾದ್ರೂ ನಿಲ್ಲಿಸಿ ನೋಡಿಸು. ಏರ್ ಫಿಲ್ಟರ್ ಕೂಡ ತೆಗೆದು ನೋಡು. ಅದು ಕಟ್ಟಿದ್ರೆ ಕಾಯಿಲ್ ಮೇಲೆ ಐಸ್ ಹಿಡಿದು, ಕರಗುವಾಗ ಒಟ್ಟಿಗೆ ಅಷ್ಟೂ ನೀರು ಟ್ರೇಗೆ ಬರುತ್ತೆ. ಆ ಸ್ವಿಚ್ಚಿನ ಎರಡು ವೈರ್ ಒಂದಕ್ಕೊಂದು ತಿರುಚಿ ಸರಿ ಮಾಡಿದೆ ಅನ್ನೋರ ಮಾತು ಕೇಳಬೇಡ, ಛಾವಣಿಯಿಂದ ನೀರು ಸುರಿಯುತ್ತೆ.

ಬ್ರೇಕರ್ ಏರಿಸಿದ ತಕ್ಷಣ ಕೂಲಿಂಗ್ ಬರ್ಲಿಲ್ಲ ಅಂತ ಗಾಬರಿ ಬೇಡ, ಕಂಪ್ರೆಸರ್ ಉಳಿಸೋಕೆ 5 ನಿಮಿಷ ತಡೆ ಇರುತ್ತೆ.

ನೋಡಿದಾಗ ಟ್ರೇನಲ್ಲಿ ನೀರೇ ಇಲ್ಲ ಅಂದ್ರೆ ಆಗ ವೋಲ್ಟ್ ಅಳೆಯೋ ಮೀಟರ್ ಕೆಲಸ. ಇದನ್ನ ಕರೆಂಟ್ ಇಟ್ಕೊಂಡೇ ಮಾಡಬೇಕು, ಅದಕ್ಕೇ ಯೂನಿಟ್ ಬಾಗಿಲು ನೀನು ತೆಗೀಬೇಡ, ನಿಮ್ಮೆಜಮಾನರಿಗೆ ಹೇಳು, ಅವರಿಗೆ ಅಭ್ಯಾಸ ಇದೆ. ಬಾಗಿಲು ತೆಗೆದ್ರೆ ಒಂದು ಸ್ವಿಚ್ ಪವರ್ ಕಟ್ ಮಾಡುತ್ತೆ, ಅಳೆಯೋವಾಗ ಅದನ್ನ ಒತ್ತಿ ಹಿಡೀಬೇಕು. ಮೀಟರ್ ಎಸಿ ವೋಲ್ಟ್‌ಗಿಟ್ಟು, ಬೋರ್ಡಿನಲ್ಲಿ ಆರ್‌ಗೂ ಸಿಗೂ ಮಧ್ಯೆ ಒಂದ್ಸಲ, ಗೋಡೆಯ ಪ್ಲೇಟಲ್ಲಿ ಒಂದ್ಸಲ. 24ರಿಂದ 28 ಬಂದ್ರೆ ಸರಿ. ಬೋರ್ಡಲ್ಲಿದ್ದು ಗೋಡೆಯಲ್ಲಿ ಇಲ್ಲ ಅಂದ್ರೆ ಮಧ್ಯದ ವೈರ್ ಕಡಿದಿದೆ. ಎರಡೂ ಕಡೆ ಸರಿಯಾಗಿದ್ದೂ ಪರದೆ ಹತ್ತದಿದ್ರೆ, ಆಗ ಹೊಸದು ತಾ. ಎರಡು ಅಂಕಿನೂ ಗ್ರೂಪಿಗೆ ಹಾಕು, ವಿನು ಏನಂದ್ರೂ ನಾನು ನೋಡಿ ಹೇಳೋವರೆಗೆ ಏನೂ ಕೊಳ್ಳಬೇಡ.