ಅಪ್‌ಡೇಟ್: ಉಸುಕಿನ ಫಿಲ್ಟರ್ ಮ್ಯಾಲೆ ನೀರು ನಿಲ್ಲೂದು ಬಂದ್ ಆತು

ಧಾರವಾಡದ ನಮ್ಮ ಮನಿ ಸೆಪ್ಟಿಕ್ ಟ್ಯಾಂಕಿನಿಂದ ಬರೂ ನೀರು ಸೋಸೂ ಉಸುಕಿನ ಫಿಲ್ಟರ್ ಮ್ಯಾಲೆ ನೀರು ನಿಂತು ನಾರಾಕತ್ತೇತಿ ಅಂತ ಹದಿನೈದು ದಿನದ ಹಿಂದ ಕೇಳಿದ್ದೆ. ಈಗ ಸರಿ ಆಗೇತ್ರಿ.

ಬ್ಯಾಕ್ಟೀರಿಯಾ ಪುಡಿ ಎರಡು ಸಲ ಹಾಕಿದೆ, ಏನೂ ಆಗಲಿಲ್ಲ. "ಮೊದಲ ಟ್ಯಾಂಕಿನ ಔಟ್‌ಲೆಟ್ ಟಿ ನೋಡ್ರಿ" ಅಂದವರ ಮಾತು ಖರೇ ಆತು. ಟಿ ಅಂದ್ರ ಟ್ಯಾಂಕಿನಿಂದ ನೀರು ಹೊರಗ ಹೋಗೂ ಕಡೆ ಇರೂ T ಆಕಾರದ ಪೈಪು, ತೇಲೂ ಜಿಡ್ಡು ಬಿಟ್ಟು ಅದರ ಕೆಳಗಿನ ನೀರಷ್ಟ ಹೊರಗ ಬಿಡತೇತಿ. ಸಕ್ಕಿಂಗ್ ಗಾಡಿ ತರಿಸಿ ಖಾಲಿ ಮಾಡಿಸಿದಾಗ ನೋಡಿದ್ರ ಟಿ ಪೈಪಿನ ಕೆಳಗಿನ ತುಂಡು ಕಳಚಿ ಬಿದ್ದಿತ್ತು. ತೇಲೂ ಜಿಡ್ಡೆಲ್ಲಾ ಸೀದಾ ಉಸುಕಿಗೆ ಹೋಗಿತ್ತು. ಹೊಸಾ ಟಿ ಕೂಡ್ರಿಸಿ, ಮ್ಯಾಲಿನ 3 ಇಂಚು ಉಸುಕು ತೆಗಿಸಿದ್ವಿ. ಕರ್ರಗಾಗಿ ಸಲಿಕಿಗೆ ಗ್ರೀಸಿನಂಗ ಅಂಟತಿತ್ತು. ಅದರ ಜಾಗಾಕ್ಕ ತೊಳೆದ ದಪ್ಪ ಉಸುಕು ತುಂಬಿದ್ವಿ.

ನನಗ ಗೊತ್ತಿರದ ಮಾತಂದ್ರ, ಉಸುಕಿನಾಗ ಹೊಲಸು ತಿನ್ನೂ ಸೂಕ್ಷ್ಮಜೀವಿಗೆ ಗಾಳಿ ಬೇಕು. ವಾಸನಿ ಬರತೇತಿ ಅಂತ ನಾನು ಫಿಲ್ಟರ್ ಮ್ಯಾಲೆ ಫರ್ಸಿ ಗಟ್ಟಿ ಮುಚ್ಚಿಸಿದ್ದೆ. ಈಗ ಸಂದಿ ಬಿಟ್ಟೀನಿ.

ಟಿ ಮ್ಯಾಲಿಂದನ ಕೂಡ್ರಿಸಿದ್ರು. ಯಾರನ್ನೂ ಟ್ಯಾಂಕಿನ ಒಳಗ ಇಳಸಬ್ಯಾಡ್ರಿ, ಅಲ್ಲಿನ ಗ್ಯಾಸ್ ಜೀವಾ ತಗೋತೇತಿ.